ಮೂರನೆಯ ಬಾಟಲಿ

ಹೋದ ತಿಂಗಳು ಹುಕ್ಕೇರಿಯ ಅಂಚೆ ಕಚೇರಿಯಲ್ಲಿ ಸರದಿಗೆ ನಿಂತಿದ್ದೆ. ನನ್ನ ಮುಂದಿದ್ದವರು ಕೊಟ್ಟ ಪೊಟ್ಟಣಕ್ಕೆ ಒಳಗೆ ಯಾರೋ ಮುದ್ರೆ ಒತ್ತುತ್ತಿದ್ದರು. ಅರಗು ಕರಗಿದ ವಾಸನೆ ಕಿಟಕಿಯಿಂದ ಹೊರಗೆ ಬಂತು. ಇಷ್ಟು ವರ್ಷವಾದ ಮೇಲೂ ಆ ವಾಸನೆ ಬಂದರೆ ನನಗೆ ಮೂಡಲಗಿಯಲ್ಲಿ ಕಳೆದ ಒಂದು ವರ್ಷ ನೆನಪಾಗುತ್ತದೆ, ಅದರಲ್ಲೂ ಆಷಾಢದ ಒಂದು ಸಂಜೆ.

ಎರಡು ಸಾವಿರದ ನಾಲ್ಕನೆಯ ಇಸವಿ. ನನಗೆ ಇಪ್ಪತ್ತಾರು ವರ್ಷ. ಮೂಡಲಗಿ ಆಗಿನ್ನೂ ಗೋಕಾಕ ತಾಲ್ಲೂಕಿಗೆ ಸೇರಿತ್ತು. ಅಲ್ಲಿಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ವಿಜ್ಞಾನ ಕಲಿಸಲು ನನ್ನನ್ನು ಹಾಕಿದ್ದರು. ಒಬ್ಬಳೇ ಹೆಣ್ಣುಮಗಳಿಗೆ ಮನೆ ಕೊಡಲು ಊರಲ್ಲಿ ಎಲ್ಲರೂ ಹಿಂದೆಮುಂದೆ ನೋಡಿದರು. ಕೊಟ್ಟವರು ಕಿರಾಣಿ ಅಂಗಡಿಯ ಅಪ್ಪಣ್ಣ ಕಾಕಾ. ಮುಂದೆ ಅಂಗಡಿ, ನಡುವೆ ಅವರ ಮನೆ, ಹಿತ್ತಿಲಲ್ಲಿ ನನ್ನ ಕೋಣೆ. ಕಾಕಾ ಐವತ್ತು ದಾಟಿದ, ದನಿ ಎತ್ತಿ ಮಾತಾಡದ ಮನುಷ್ಯ. ಅವರ ಹೆಂಡತಿ ಇಂದಿರಾ ಕಾಕು ನನಗೆ ಬಂದ ವಾರದಲ್ಲೇ ಜ್ವರ ಹತ್ತಿದಾಗ ನಾಲ್ಕು ದಿನ ಗಂಜಿ ಕಾಯಿಸಿ ಕೊಟ್ಟರು. ಹೆತ್ತ ಮಗಳಿಗೆ ಮಾಡುವುದಕ್ಕಿಂತ ಕಡಿಮೆಯೇನೂ ಮಾಡಲಿಲ್ಲ. ಮುಂದೆ ನಡೆದದ್ದನ್ನು ಹೇಳುವ ಮೊದಲು ಇದನ್ನು ಹೇಳಲೇಬೇಕು.

ಆ ಸಂಜೆ ನಾನು ಸೋಪು ಕೊಳ್ಳಲು ಅಂಗಡಿಗೆ ಹೋಗಿದ್ದೆ. ಆಷಾಢದ ಗಾಳಿ ಬೀದಿಯ ಧೂಳನ್ನೆಲ್ಲ ಎತ್ತಿ ಅಂಗಡಿಯೊಳಗೆ ತೂರುತ್ತಿತ್ತು. ಕೈಯಲ್ಲಿ ಚರ್ಮದ ಚೀಲ ಹಿಡಿದ ಒಬ್ಬರು ಬಂದು ಕಟ್ಟೆ ಹತ್ತಿದರು. ಹಿಂದೆ ಒಬ್ಬ ಜವಾನನಿದ್ದ. ಅವರು ಆಹಾರ ತಪಾಸಣೆಯ ಇನ್ಸ್‌ಪೆಕ್ಟರ್ ನದಾಫ್ ಸಾಹೇಬರು ಎಂದು ಅವರೇ ಹೇಳಿಕೊಂಡ ಮೇಲೆ ತಿಳಿಯಿತು. ತೆಳ್ಳಗಿನ ಆಳು, ಮುಖದಲ್ಲಿ ಬೇಸರವೂ ಇಲ್ಲ, ಗತ್ತೂ ಇಲ್ಲ. ಅಂಗಡಿಯ ಡಬ್ಬಿಗಳನ್ನು ಒಂದೊಂದಾಗಿ ನೋಡಿ, ಅರಿಷಿಣ ಪುಡಿಯ ಡಬ್ಬಿಯ ಮುಂದೆ ನಿಂತರು. ಚಿಟಿಕೆ ಪುಡಿಯನ್ನು ಅಂಗೈಗೆ ತಿಕ್ಕಿ ನೋಡಿದರು. ಸ್ಯಾಂಪಲ್ ತೆಗೆದುಕೊಳ್ಳುತ್ತೇನೆ ಎಂದರು.

ಅದಕ್ಕೆ ಪಂಚರು ಬೇಕು, ಎಂದರೆ ಪಕ್ಕದಲ್ಲಿ ನಿಂತು ನೋಡಿ ಸಹಿ ಮಾಡುವ ಸಾಕ್ಷಿ. ಅಂಗಡಿಯಲ್ಲಿದ್ದ ಮೂವರು ಗಿರಾಕಿಗಳು ಆ ಮಾತು ಕೇಳಿದ್ದೇ ತಮ್ಮ ಚೀಲ ಎತ್ತಿಕೊಂಡು ಇಳಿದರು. ಎದುರಿನ ಅಂಗಡಿಯ ಟೇಲರ್ ತನಗೆ ಕಣ್ಣು ಕಾಣಿಸುವುದಿಲ್ಲ ಎಂದ. ಸಾಹೇಬರು ನನ್ನ ಕಡೆ ನೋಡಿದರು. ನಾನು ಕಾಕಾನ ಕಡೆ ನೋಡಿದೆ.

ಕಾಕಾನೇ ಹೇಳಿದರು: "ಅಕ್ಕೋರು ಸಹಿ ಮಾಡ್ತಾರ್ರಿ. ಸುಳ್ಳ ಹೇಳೂ ಮಂದಿ ಅಲ್ಲ ಅವರು. ನಮಗೇನ ಅಂಜಿಕಿ?"

ಸಾಹೇಬರು ಪುಡಿ ತೂಗಿಸಿ, ರೊಕ್ಕ ಕೊಟ್ಟು ರಶೀದಿ ಬರೆಸಿಕೊಂಡರು. ಪುಡಿಯನ್ನು ಮೂರು ಪಾಲು ಮಾಡಿ ಮೂರು ಒಣ ಬಾಟಲಿಗೆ ಹಾಕಿದರು. ಒಂದು ಪ್ರಯೋಗಾಲಯಕ್ಕೆ ಹೋಗುತ್ತದೆ, ಎರಡು ಇಲಾಖೆಯಲ್ಲಿ ಇರುತ್ತವೆ, ಮುಂದೆ ತಕರಾರು ಬಂದರೆ ಬೇಕಾಗುತ್ತವೆ ಎಂದು ನನಗೆ ಬಿಡಿಸಿ ಹೇಳಿದರು. ಬಾಟಲಿಗೆ ದಪ್ಪ ಕಾಗದ ಸುತ್ತಿ, ಚೀಟಿ ಅಂಟಿಸಿ, ದಾರ ಬಿಗಿದು, ಮೇಣಬತ್ತಿಯ ಉರಿಯಲ್ಲಿ ಅರಗು ಕರಗಿಸಿ ಗಂಟಿನ ಮೇಲೆ ಹನಿಸಿ ಮುದ್ರೆ ಒತ್ತಿದರು. ಮೊದಲನೆಯದಾಯಿತು. ಎರಡನೆಯದೂ ಆಯಿತು. ಅಷ್ಟರಲ್ಲಿ ಗಾಳಿಗೆ ಮೇಣಬತ್ತಿ ಆರಿತು. ಹಚ್ಚಿದರೆ ಮತ್ತೆ ಆರಿತು. ಸಾಹೇಬರು ನಮಗೆ ಬೆನ್ನು ಮಾಡಿ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ಜವಾನನ ಟವೆಲನ್ನು ಅಡ್ಡ ಹಿಡಿಸಿದರು.

ಒಳಗಿನಿಂದ ಕಾಕು ಕೂಗಿದರು, ನಳ ಬಂದಿದೆ ಎಂದು. ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರು ಅದು, ಬಂದರೆ ಅರ್ಧ ತಾಸು. ನನ್ನ ಕೊಡಗಳು ಎರಡೂ ಬರಿದಾಗಿದ್ದವು. ನಾನು ಯೋಚನೆ ಮಾಡಲಿಲ್ಲ. ಒಳಗೆ ಹೋಗಿ, ಎರಡು ಕೊಡ ತುಂಬಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಬಂದೆ. ಮೂರು ಬಾಟಲಿಗಳೂ ಸಾಲಾಗಿ ಕೂತಿದ್ದವು. ಸಾಹೇಬರು ನಾನು ಹೋದದ್ದನ್ನೂ ನೋಡಿರಲಿಲ್ಲ, ಬಂದದ್ದನ್ನೂ ನೋಡಿರಲಿಲ್ಲ. ಹಾಳೆ ಮುಂದೆ ಹಿಡಿದರು. ಮೂರೂ ಬಾಟಲಿಗೆ ನನ್ನ ಸಮಕ್ಷಮ ಮುದ್ರೆ ಹಾಕಲಾಯಿತು ಎಂದು ಅದರಲ್ಲಿ ಬರೆದಿತ್ತು. ಓದಿದೆ. ಸಹಿ ಮಾಡಿದೆ.

ಶ್ರಾವಣ ಮುಗಿಯುವ ಹೊತ್ತಿಗೆ ವರದಿ ಬಂತು. ಪುಡಿಯಲ್ಲಿ ಹಾಕಬಾರದ ಬಣ್ಣವಿತ್ತು, ಬಟ್ಟೆಗೆ ಹಾಕುವ ಹಳದಿ. ಕಾಕಾ ಎರಡು ದಿನ ಊಟ ಮಾಡಲಿಲ್ಲ. ಪುಡಿಯನ್ನು ತಾನು ಕುಟ್ಟಿಸಿದ್ದಲ್ಲ, ಚೀಲದಲ್ಲಿ ಕಟ್ಟಿ ತಂದು ಹಾಕುವ ಒಬ್ಬ ವ್ಯಾಪಾರಿಯಿಂದ ಕೊಂಡದ್ದು ಎಂದು ಬಂದವರಿಗೆಲ್ಲ ಹೇಳಿದರು. ಆ ವ್ಯಾಪಾರಿಯ ಬಿಲ್ಲು ಅವರ ಬಳಿ ಇರಲಿಲ್ಲ, ಮತ್ತೆ ಆತ ಈ ಕಡೆ ಬರಲೂ ಇಲ್ಲ. ನಾನು ಕಾಕಾನನ್ನು ನಂಬಿದೆ. ಆದರೆ ಅಂಗಡಿಯಲ್ಲಿ ಅದೇ ಪುಡಿ ಮಾರುವುದು ನಿಲ್ಲಲಿಲ್ಲ. ಒಂದು ದಿನ ಹಿತ್ತಿಲಲ್ಲಿ ಧೈರ್ಯ ಮಾಡಿ ಕೇಳಿದೆ.

"ಈಗ ಬಂದ್ ಮಾಡಿದ್ರ ತಪ್ಪು ಒಪ್ಪಿಕೊಂಡಂಗ ಆಗ್ತೈತಿ ಅಂತ ವಕೀಲರು ಅಂದಾರ," ಎಂದರು. "ಕೇಸ ಮುಗೀಲಿ ತಡೀರಿ."

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ನಮ್ಮ ಶಾಲೆಯ ಬಿಸಿಯೂಟಕ್ಕೆ ಅರಿಷಿಣ, ಖಾರ, ಸಾಸಿವೆ ಎಲ್ಲ ಅದೇ ಅಂಗಡಿಯಿಂದ ಬರುತ್ತಿತ್ತು. ಬಿಸಿಯೂಟ ಶುರುವಾಗಿ ಒಂದು ವರ್ಷವಾಗಿತ್ತಷ್ಟೇ. ಹಳದಿ ಅನ್ನ ಕಂಡರೆ ಮಕ್ಕಳಿಗೆ ಹಬ್ಬ. ಎರಡೆರಡು ಸಲ ತಟ್ಟೆ ಒಡ್ಡುತ್ತಿದ್ದವು.

ಮರುದಿನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ವಿಜ್ಞಾನದ ಕಪಾಟಿನಿಂದ ಆಸಿಡ್ಡಿನ ಬಾಟಲಿ ತೆಗೆದೆ. ಅಡುಗೆ ಕೋಣೆಯಲ್ಲಿದ್ದ ಪುಡಿಯನ್ನು ಒಂದು ಗಾಜಿನ ನಳಿಕೆಗೆ ಹಾಕಿ ನೀರು ಬೆರೆಸಿ ನಾಲ್ಕು ಹನಿ ಆಸಿಡ್ ಬಿಟ್ಟೆ. ಗುಲಾಬಿ ಬಣ್ಣ ಭಗ್ಗೆಂದು ಎದ್ದಿತು. ಒಳ್ಳೆಯ ಅರಿಷಿಣವೂ ಆಸಿಡ್ಡಿಗೆ ಒಮ್ಮೊಮ್ಮೆ ಕೆಂಪಾಗುತ್ತದೆ, ಆದರೆ ನೀರು ಹಾಕಿದರೆ ಆ ಬಣ್ಣ ಹೋಗುತ್ತದೆ. ನಾನು ನೀರು ಹಾಕಿದೆ. ಇನ್ನಷ್ಟು ಹಾಕಿದೆ. ಬಣ್ಣ ಹೋಗಲಿಲ್ಲ. ಆಮೇಲೆ ಕಾಕುವಿನ ಅಡುಗೆಮನೆಯಿಂದ ಕಾಗದದಲ್ಲಿ ಕಟ್ಟಿ ತಂದಿದ್ದ ಚಿಟಿಕೆ ಅರಿಷಿಣವನ್ನು ಇನ್ನೊಂದು ನಳಿಕೆಗೆ ಹಾಕಿದೆ. ಅದರಲ್ಲಿ ಬಣ್ಣ ನಿಲ್ಲಲಿಲ್ಲ.

ಅವರ ಮನೆಯ ಅರಿಷಿಣ ಅವರದೇ ಹೊಲದ್ದು, ಕಾಕು ಮನೆಯಲ್ಲೇ ಕುಟ್ಟಿಕೊಳ್ಳುತ್ತಿದ್ದರು. ಹೊಲವಿದ್ದವರು ಯಾರಾದರೂ ಹಾಗೆಯೇ ಮಾಡುತ್ತಾರೆ. ಅಷ್ಟರಿಂದಲೇ ಕಾಕಾನಿಗೆ ಎಲ್ಲ ಗೊತ್ತಿತ್ತು ಎನ್ನಲಾಗದು. ಗೊತ್ತಿರಲಿಲ್ಲ ಎನ್ನಲೂ ನನಗೆ ಅಂದಿನಿಂದ ಆಗಲಿಲ್ಲ. ಅದೇ ಮನೆಯಲ್ಲಿ, ಅದೇ ಹೊಲದ ಅರಿಷಿಣ ಬಿದ್ದ ಸಾರು ನಾನೂ ಉಣ್ಣುತ್ತಿದ್ದೆ.

ಹೆಡ್ಮಾಸ್ತರರಿಗೆ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ, ಇದು ಹೊರಗೆ ಹೋದರೆ ಮೊದಲು ಶಾಲೆಯ ಹೆಸರು ಬರುತ್ತದೆ, ಗದ್ದಲ ಮಾಡಬೇಡಿ ಎಂದರು. ಬೇಕಾದರೆ ಅಂಗಡಿಯ ಪುಡಿ ನಿಲ್ಲಿಸೋಣ, ಬೇರೆಯದನ್ನು ನೀವೇ ತಂದುಕೊಡಿ ಎಂದೂ ಅಂದರು. ಅಂದಿನಿಂದ ನಾನು ಪ್ರತಿ ಶನಿವಾರ ನಮ್ಮೂರು ಹುಕ್ಕೇರಿಗೆ ಹೋದಾಗ ಅವ್ವ ಕುಟ್ಟಿದ ಅರಿಷಿಣವನ್ನು ಡಬ್ಬಿಯಲ್ಲಿ ತುಂಬಿಕೊಂಡು ಬರತೊಡಗಿದೆ. ಘಟಪ್ರಭಾದಲ್ಲಿ ಒಂದು ಬಸ್ಸು, ಗೋಕಾಕದಲ್ಲಿ ಇನ್ನೊಂದು. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಇಷ್ಟು ಅರಿಷಿಣ ಯಾವ ಪೂಜೆಗೆ ಎಂದು ಅವ್ವ ಕೇಳಿದಳು. ಶಾಲೆಗೆ ಎಂದೆ, ಹೆಚ್ಚು ಹೇಳಲಿಲ್ಲ. ಶಾಲೆಯಲ್ಲಿ ಅಡುಗೆ ಮಾಡುವ ಬಾಳವ್ವ ಡಬ್ಬಿ ಇಸಿದುಕೊಂಡು ಒಮ್ಮೆ ನನ್ನ ಮುಖ ನೋಡುವಳು, ಆಮೇಲೆ ಒಲೆಯ ಕಡೆ ತಿರುಗುವಳು.

ಮಕ್ಕಳ ತಟ್ಟೆಯ ಮಟ್ಟಿಗೆ ನಾನು ಸಮಾಧಾನ ಮಾಡಿಕೊಂಡೆ. ಊರಿನ ಮಟ್ಟಿಗೆ ಬಾಯಿ ಮುಚ್ಚಿಕೊಂಡಿದ್ದೆ. ದೀಪಾವಳಿ ಕಳೆದು ಥಂಡಿ ಬಿದ್ದ ದಿನಗಳಲ್ಲಿ ಒಮ್ಮೆ ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ಮಗಳು ಹಡೆದಿದ್ದಾಳೆ, ಬಾಣಂತಿಗೆ ದಿನಾ ಹಾಲಿನಲ್ಲಿ ಹಾಕಿ ಕೊಡಬೇಕು, ಪಾವು ಕಿಲೋ ಅರಿಷಿಣ ಪುಡಿ ಬೇಕು ಎಂದಳು. ಕಾಕಾ ಡಬ್ಬಿಗೆ ಕೈ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬೇಡ ಎನ್ನಲು ನಾಲಿಗೆಯ ತನಕ ಬಂತು. ಕಾಕಾ ಪೊಟ್ಟಣ ಕಟ್ಟುತ್ತ ನನ್ನನ್ನೇ ನೋಡುತ್ತಿದ್ದರು. ನಾನು ಕಣ್ಣು ತಗ್ಗಿಸಿ ಹಿತ್ತಿಲಿಗೆ ಹೋದೆ. ಆ ಬಾಣಂತಿಗೆ ಏನೂ ಆಗಲಿಲ್ಲ, ಕೂಸೂ ಚೆನ್ನಾಗಿತ್ತು. ಅದು ನನ್ನ ಪುಣ್ಯದಿಂದ ಅಲ್ಲ.

ಇಂಥ ಕೇಸುಗಳು ವರ್ಷಗಟ್ಟಲೆ ಎಳೆಯುತ್ತವೆ ಎಂದು ಎಲ್ಲರೂ ಹೇಳಿದ್ದರು. ಇದು ಹಾಗಾಗಲಿಲ್ಲ. ಫೆಬ್ರುವರಿಯಲ್ಲಿ ಗೋಕಾಕದ ಕೋರ್ಟಿಗೆ ಸಾಕ್ಷಿ ಹೇಳಲು ಬರಬೇಕೆಂದು ನನಗೆ ಕಾಗದ ಬಂತು. ಅದು ಬಂದ ದಿನದಿಂದ ಮನೆಯ ಗಾಳಿ ಬದಲಾಯಿತು. ಕಾಕು ಮೊದಲಿಗಿಂತ ಹೆಚ್ಚು ಬಡಿಸಿದರು, ಮಾತು ಕಡಿಮೆ ಮಾಡಿದರು. ಹೆಡ್ಮಾಸ್ತರರು ನನ್ನನ್ನು ಕರೆದು, ಎಂಟು ತಿಂಗಳ ಹಿಂದಿನದು ಯಾರಿಗೆ ನೆನಪಿರುತ್ತದೆ, ನೆನಪಿಲ್ಲ ಎಂದರೆ ಯಾರೂ ತಪ್ಪು ಹಿಡಿಯುವುದಿಲ್ಲ ಎಂದರು. ಕಾಕಾ ಮಾತ್ರ ಏನೂ ಅನ್ನಲಿಲ್ಲ. ಕೊನೆಗೆ ಕೋರ್ಟಿಗೆ ಹೊರಡುವ ದಿನ ಬೆಳಿಗ್ಗೆ ತಾವೇ ಚಹಾ ತಂದು ನನ್ನ ಕೋಣೆಯ ಹೊಸ್ತಿಲ ಹೊರಗೆ ನಿಂತರು.

"ಅಕ್ಕೋರ, ನಾ ನಿಮಗ ಸುಳ್ಳ ಹೇಳ್ರಿ ಅನ್ನಂಗಿಲ್ಲ. ಅವರು ಸಹಿ ಮಾಡಂದ್ರು, ಮಾಡಿದ್ನಿ, ಏನೂ ನೋಡಿಲ್ಲ ಅನ್ರಿ. ಅಷ್ಟ ಸಾಕು."

"ಎರಡು ಬಾಟ್ಲಿ ನೋಡೀನಿ ಕಾಕಾ," ಎಂದೆ.

ಅವರು ಚಹಾದ ಬಟ್ಟಲನ್ನು ಹೊಸ್ತಿಲ ಮೇಲೆ ಇಟ್ಟು ಹೋದರು.

ಬಸ್ಸಿನಲ್ಲಿ ನನ್ನ ತಲೆಯಲ್ಲಿ ಒಂದೇ ಲೆಕ್ಕ. ಪುಡಿಯಲ್ಲಿ ಬಣ್ಣವಿತ್ತು ಎನ್ನುವುದು ನಾನೇ ಕಣ್ಣಾರೆ ಕಂಡದ್ದು. ಮೂರೂ ಬಾಟಲಿ ನೋಡಿದೆ ಎಂದರೆ ಸುಳ್ಳು, ಆದರೆ ತಪ್ಪು ಮಾಡಿದವರಿಗೆ ಶಿಕ್ಷೆಯಾಗುತ್ತದೆ. ಎರಡೇ ನೋಡಿದೆ ಎಂದರೆ ನಿಜ, ಆದರೆ ಆ ಡಬ್ಬಿ ಅಂಗಡಿಯಲ್ಲಿ ಹಾಗೇ ಉಳಿಯುತ್ತದೆ. ಗೋಕಾಕ ಬಂದರೂ ನನಗೆ ದಾರಿ ಕಾಣಲಿಲ್ಲ.

ಕೋರ್ಟಿನ ವರಾಂಡದಲ್ಲಿ ನದಾಫ್ ಸಾಹೇಬರು ಕಾಯುತ್ತಿದ್ದರು. ನಾನು ಬಂದೆನೆಂದು ಅವರ ಮುಖ ಅರಳಿತು. ಇಂಥ ಕೇಸುಗಳಲ್ಲಿ ಪಂಚರು ಬರುವುದೇ ಇಲ್ಲ, ಬಂದರೂ ತಿರುಗಿ ಬೀಳುತ್ತಾರೆ, ನೀವು ಬಂದಿರಿ ಎಂದರು. ಹೆದರಬೇಡಿ, ಮೂರು ಬಾಟಲಿ ನಿಮ್ಮ ಎದುರಿಗೆ ಮುದ್ರೆಯಾದದ್ದನ್ನು ಹೇಳಿದರೆ ನಿಮ್ಮ ಕೆಲಸ ಮುಗಿಯಿತು ಎಂದರು. ನೀರು ತುಂಬಲು ಹೋಗಿದ್ದೆ ಎಂದು ಅವರಿಗೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಒಳಗಿನಿಂದ ನನ್ನ ಹೆಸರು ಕೂಗಿದಾಗ ಎದ್ದು ಹೋದೆ.

ಸರ್ಕಾರದ ವಕೀಲರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಸಹಿ ನನ್ನದೇ. ಅಂಗಡಿ ಅದೇ. ಪುಡಿ ಆ ಡಬ್ಬಿಯದೇ. ಆಮೇಲೆ ಕಾಕಾನ ವಕೀಲರು ಎದ್ದರು. ಬೆಳಿಗ್ಗೆ ನಾನು ಅಂದದ್ದನ್ನು ಕಾಕಾ ಅವರಿಗೆ ಮುಟ್ಟಿಸಿದ್ದರೋ ಇಲ್ಲವೋ ಗೊತ್ತಿಲ್ಲ. ಮೂರೂ ಬಾಟಲಿಗೆ ಮುದ್ರೆ ಒತ್ತಿದ್ದನ್ನು ನೀವು ಸ್ವತಃ ನೋಡಿದಿರಾ ಎಂದರು.

ಕಾಕಾ ಎದುರಿಗೆ ಕೈಕಟ್ಟಿ ನಿಂತಿದ್ದರು. ನದಾಫ್ ಸಾಹೇಬರು ಬಾಗಿಲ ಬಳಿ ಇದ್ದರು.

"ಎರಡನ್ನ ನೋಡೀನ್ರಿ. ಮೂರನೇದು ಹಾಕೂ ಮುಂದ ನಾ ನೀರ ತುಂಬಾಕ ಒಳಗ ಹೋಗಿದ್ನಿ."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ, ಹಾಗಾದರೆ ಮೂರೂ ಕಂಡೆನೆಂದು ಸಹಿ ಮಾಡಿದ್ದು ಯಾಕೆ ಎಂದು ಕೇಳಿದರು. ತಪ್ಪಾಯಿತು ಎಂದೆ. ಅದನ್ನೂ ಅವರು ಬರೆದುಕೊಂಡರು.

ಪ್ರಯೋಗಾಲಯಕ್ಕೆ ಹೋದ ಬಾಟಲಿ ಯಾವುದು, ನಾನು ಕಂಡ ಎರಡರಲ್ಲಿ ಒಂದೋ ಕಾಣದ ಮೂರನೆಯದೋ ಎಂದು ಯಾರಿಗೂ ಹೇಳಲು ಬರಲಿಲ್ಲ. ತಿಂಗಳು ತುಂಬುವುದರೊಳಗೆ ಕಾಕಾನನ್ನು ಬಿಟ್ಟರು ಎಂಬ ಸುದ್ದಿ ಬಂತು. ಆದರೆ ಕೇಸು ಬಿದ್ದದ್ದು ಅಂದೇ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು.

ಆ ಸಂಜೆ ಗೋಕಾಕದ ಬಸ್ ನಿಲ್ದಾಣದಲ್ಲಿ ಸಾಹೇಬರು ನನ್ನನ್ನು ಹುಡುಕಿಕೊಂಡು ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಬೆಂಚಿನ ಇನ್ನೊಂದು ತುದಿಗೆ ಕೂತರು.

"ಇವತ್ತ ನೀವು ಸುಳ್ಳ ಹೇಳಲಿಲ್ಲ, ಅದಕ್ಕ ನನಗ ಸಿಟ್ಟಿಲ್ಲ," ಎಂದರು. "ಅವತ್ತ ಹೇಳಿದ್ರ ಅಲ್ಲೇ ಮೂರನೇದರ ಮುದ್ರಿ ಒಡದು ನಿಮ್ಮ ಮುಂದ ಮತ್ತ ಹಾಕತಿದ್ನಿ. ಐದ ಮಿನಿಟಿನ ಕೆಲಸ ಇತ್ತು."

ನಾನು ಪುಡಿಯನ್ನು ಶಾಲೆಯಲ್ಲಿ ಪರೀಕ್ಷೆ ಮಾಡಿದ್ದನ್ನು ಅವರಿಗೆ ಹೇಳಿದೆ. ಇಷ್ಟು ತಿಂಗಳಲ್ಲಿ ಮೊದಲ ಬಾರಿಗೆ ಹೊರಗಿನವರೊಬ್ಬರ ಮುಂದೆ ಹೇಳಿದ್ದು. ಅವರು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. ಮತ್ತೆ ಸ್ಯಾಂಪಲ್ ತೆಗೆಯುತ್ತೇನೆ, ಆದರೆ ಹಗೆ ಸಾಧಿಸುತ್ತಿದ್ದಾನೆ ಎನ್ನುತ್ತಾರೆ, ಅದು ಮುಗಿಯಲು ಇನ್ನೆಷ್ಟು ದಿನವೋ ಎಂದರು. ಬಸ್ಸು ಬಂತು. ಏಳುವಾಗ, "ಅಲ್ಲೀತನಕ ಊರು ತಿಂತಿರ್ತೈತಿ ಅಕ್ಕೋರ," ಎಂದರು.

ಮನೆಗೆ ಬಂದರೆ ಕಾಕು ಬಾಗಿಲಲ್ಲೇ ಪೇಡೆಯ ತಟ್ಟೆ ಹಿಡಿದು ನಿಂತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಒಂದು ಪೇಡೆ ತೆಗೆದುಕೊಂಡೆ. ಕೋಣೆಗೆ ಹೋಗಿ ಕಾಗದದಲ್ಲಿ ಸುತ್ತಿಟ್ಟೆ. ತಿನ್ನಲು ಆಗಲಿಲ್ಲ.

ಎರಡು ದಿನ ಕಳೆದು ಏಳನೆಯ ತರಗತಿಯ ಮಕ್ಕಳಿಗೆ ಹೇಳಿದೆ, ನಾಳೆ ಎಲ್ಲರೂ ಮನೆಯಿಂದ ಒಂದು ಚಿಟಿಕೆ ಅರಿಷಿಣ ಕಟ್ಟಿಕೊಂಡು ಬನ್ನಿ, ಕಲಬೆರಕೆಯ ಪಾಠ ಮಾಡೋಣ ಎಂದು. ಪಾಠ ಪುಸ್ತಕದಲ್ಲಿ ಇದ್ದದ್ದೇ. ಹೆಡ್ಮಾಸ್ತರರಿಗೆ ಮೊದಲೇ ಹೇಳಲಿಲ್ಲ. ಮಕ್ಕಳು ಪೊಟ್ಟಣಗಳ ಮೇಲೆ ತಮ್ಮ ತಮ್ಮ ಹೆಸರು ಬರೆದುಕೊಂಡು ಬಂದವು. ನಾನು ಯಾವ ಅಂಗಡಿ ಎಂದು ಕೇಳಲಿಲ್ಲ, ಯಾರ ಹೆಸರನ್ನೂ ಎತ್ತಲಿಲ್ಲ. ಒಂದೊಂದೇ ನಳಿಕೆ ತುಂಬಿ, ಆಸಿಡ್ ಬಿಟ್ಟು, ನೀರು ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಅರ್ಧಕ್ಕಿಂತ ಹೆಚ್ಚು ಗುಲಾಬಿಯಾದವು. ಮಕ್ಕಳಿಗೆ ಮೊದಲು ಮೋಜೆನಿಸಿತು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, ಗುಲಾಬಿಯಾದದ್ದೆಲ್ಲ ಒಂದೇ ಅಂಗಡಿಯದು ಅಕ್ಕೋರ ಎಂದಳು.

ಮಧ್ಯಾಹ್ನದ ಊಟದ ಬಿಡುವಿಗೆ ಸುದ್ದಿ ಊರು ಮುಟ್ಟಿತು. ಮೂರು ಗಂಟೆಗೆ ಶಾಲೆಯ ಅಂಗಳದಲ್ಲಿ ಹತ್ತಿಪ್ಪತ್ತು ತಾಯಂದಿರು ನಿಂತಿದ್ದರು. ಹೆಡ್ಮಾಸ್ತರರು ನನ್ನ ಮುಖ ನೋಡದೆ ಒಳಹೊರಗೆ ಓಡಾಡುತ್ತಿದ್ದರು. ಆಗ ಅಪ್ಪಣ್ಣ ಕಾಕಾ ಬಂದರು. ಹೆಂಗಸರು ದಾರಿ ಬಿಟ್ಟರು. ಕಾಕಾ ತರಗತಿಯ ಬಾಗಿಲಿಗೆ ಬಂದು, ಅಂಗಿಯ ಕಿಸೆಯಿಂದ ಪೊಟ್ಟಣ ತೆಗೆದು ಮೇಜಿನ ಮೇಲೆ ಇಟ್ಟರು.

"ಇದು ನನ್ನ ಡಬ್ಬಿದು. ನನ್ನ ಮುಂದ ಮಾಡಿ ತೋರಸ್ರಿ."

ಆಸಿಡ್ ಬಿಡುವಾಗ ಮೇಜಿನ ಮೇಲೂ ಎರಡು ಹನಿ ಬಿತ್ತು. ನಳಿಕೆಯಲ್ಲಿ ಬಣ್ಣ ಎದ್ದಿತು. ಕಾಕಾ ಬಗ್ಗಿ ನೋಡಿದರು. ನೀರು ಹಾಕಿರಿ ಎಂದರು. ಹಾಕಿದೆ. ಇನ್ನೂ ಹಾಕಿರಿ ಎಂದರು. ನಳಿಕೆ ತುಂಬಿ ಹೊರಗೆ ಚೆಲ್ಲಿತು, ಚೆಲ್ಲಿದ ನೀರೂ ಗುಲಾಬಿಯೇ ಇತ್ತು.

"ಸಾಲಿಗೆ ಕೊಟ್ಟಿದ್ದೂ ಇದ ಪುಡಿ. ಮಕ್ಕಳ ಊಟಕ್ಕ ಹೋಗಿತ್ತೇನ್ರಿ?" ಎಂದು ಕೇಳಿದರು.

"ಶ್ರಾವಣದತನಕ ಹೋಗಿತ್ರಿ. ಆಮ್ಯಾಗ ನಾ ಹುಕ್ಕೇರಿಯಿಂದ ತರ್ತಿದ್ನಿ."

ಅವರು ನನ್ನನ್ನು ನೋಡಿದರು. ಇಷ್ಟು ತಿಂಗಳು ಅವರ ಮನೆಯಲ್ಲಿ ಉಣ್ಣುತ್ತ, ಅವರ ಅಂಗಡಿಯ ಪುಡಿಯನ್ನು ಮಕ್ಕಳಿಗೆ ಬೇಡವೆಂದು ನಾನು ಡಬ್ಬಿ ಹೊತ್ತು ತಂದದ್ದು ಅವರಿಗೆ ಆಗ ತಿಳಿಯಿತು, ಶಾಲೆಯವರು ಅರಿಷಿಣ ಒಯ್ಯುವುದನ್ನು ಬಿಟ್ಟದ್ದು ಯಾಕೆಂಬುದೂ. ಅವರಿಗೆ ಕಲಬೆರಕೆ ಮೊದಲೇ ಗೊತ್ತಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಆ ಹೊತ್ತಿನಲ್ಲಿ ಅವರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ. ಪೊಟ್ಟಣವನ್ನು ಮೇಜಿನ ಮೇಲೆಯೇ ಬಿಟ್ಟು ಹೆಂಗಸರ ನಡುವೆ ಹಾದು ಹೋದರು.

ಸಂಜೆ ಡಬ್ಬಿ ಅಂಗಡಿಯಲ್ಲಿ ಇರಲಿಲ್ಲ. ಒಳಗಿದ್ದ ಚೀಲಗಳನ್ನು ಹಿತ್ತಿಲಿನ ಗೊಬ್ಬರದ ಗುಂಡಿಗೆ ಸುರಿದು ಮಣ್ಣು ಮುಚ್ಚಿಸಿದ್ದರು. ಕಾಕು ಬಂದು, ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಬೇರೆ ಕೋಣೆ ನೋಡಿಕೊಳ್ಳಬೇಕಂತೆ, ಅವರು ಹೇಳಿ ಕಳಿಸಿದ್ದಾರೆ ಎಂದು ಗೋಡೆಗೆ ಹೇಳಿದಂತೆ ಹೇಳಿದರು. ಅಂದಿನಿಂದ ನನ್ನ ಅಡುಗೆ ನಾನೇ ಮಾಡಿಕೊಂಡೆ. ಆರು ವಾರ ಆ ಮನೆಯ ಅಂಗಳ ದಾಟುವಾಗ ಉಸಿರು ಬಿಗಿ ಹಿಡಿಯುತ್ತಿದ್ದೆ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಅಂಗಡಿಯ ಮುಂದೆ ಗಿರಾಕಿಗಳು ಅರ್ಧಕ್ಕೆ ಇಳಿದಿದ್ದರು. ನದಾಫ್ ಸಾಹೇಬರು ಮತ್ತೆ ಬಂದಾಗ ತೆಗೆದುಕೊಳ್ಳಲು ಪುಡಿಯೇ ಇರಲಿಲ್ಲ, ಬೇರೆ ಎರಡು ಅಂಗಡಿಗಳಲ್ಲಿ ಸ್ಯಾಂಪಲ್ ತೆಗೆದು ಹೋದರು.

ಏಪ್ರಿಲ್ ಹತ್ತರೊಳಗೆ ಶಾಲೆ ಮುಗಿಯಿತು. ಹುಕ್ಕೇರಿಯ ಕಡೆಗೆ ವರ್ಗ ಕೇಳಿ ಅರ್ಜಿ ಹಾಕಿದ್ದೆ, ಸಿಗುವ ಭರವಸೆಯಿತ್ತು. ಹೊರಡುವ ದಿನ ಟ್ರಂಕನ್ನು ಹೊರಗೆ ಎಳೆದು ನಿಲ್ಲಿಸಿದ್ದೆ. ಕಾಕಾ ಅಂಗಡಿಯಿಂದ ಇಳಿದು ಬಂದು, ಟ್ರಂಕನ್ನು ಹೆಗಲಿಗೇರಿಸಿಕೊಂಡು ನಡೆದರು. ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ. ಹತ್ತು ಗಂಟೆಯ ಬಿಸಿಲಿಗೆ ಬೀದಿ ಸುಡುತ್ತಿತ್ತು. ಕಟ್ಟೆಗಳ ಮೇಲೆ ಕೂತ ಮಂದಿ ನಮ್ಮಿಬ್ಬರನ್ನೂ ನೋಡುತ್ತಿದ್ದರು.

ಬಸ್ಸಿನ ಮೇಲೆ ಟ್ರಂಕು ಏರಿಸಿ ಇಳಿದು ಬಂದ ಮೇಲೆ ಕಾಕಾ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು.

"ಕೋರ್ಟಿನ್ಯಾಗ ಅಕ್ಕೋರು ನನ್ನ ಉಳಿಸಿದ್ರು ಅಂತ ಊರೆಲ್ಲಾ ಹೇಳಿದ್ನಿ," ಎಂದರು. "ಈಗ ಏನ ಹೇಳ್ಲಿ?"

"ನಾ ಉಳಿಸಾಕೂ ಹೋಗಿಲ್ಲ, ಕೆಡಸಾಕೂ ಹೋಗಿಲ್ಲ ಕಾಕಾ. ಕಂಡಿದ್ದ ಹೇಳೀನಿ."

ಅವರು ತಲೆ ಆಡಿಸಿದರು, ಒಪ್ಪಿಕೊಂಡಂತೆಯೂ ಅಲ್ಲ, ಒಪ್ಪದಂತೆಯೂ ಅಲ್ಲ. ಕಂಡಕ್ಟರ್ ಸೀಟಿ ಊದಿದ. ನಾನು ಹತ್ತಿ ಕಿಟಕಿಯ ಬಳಿ ಕೂತೆ. ನಮ್ಮ ಕಡೆ ಶತ್ರು ಹೊರಟರೂ ಹೋಗಿ ಬರ್ರಿ ಎನ್ನುತ್ತಾರೆ. ಕಾಕಾ ಕಿಟಕಿಯ ಸರಳು ಹಿಡಿದು ನಿಂತರು, ಬಸ್ಸು ಅಲುಗಾಡಿದ ಮೇಲೆ ಕೈ ಬಿಟ್ಟರು.

"ಹೋಗ್ರಿ," ಎಂದರು. ಅಷ್ಟೇ ಎಂದರು.

ನಾನು ಮತ್ತೆ ಮೂಡಲಗಿಗೆ ಹೋಗಿಲ್ಲ.